ಆಕ್ಟೇವಿಯಾ ವಿಆರ್‌ಎಸ್: ಬೂಸ್ಟ್ ನಿಲ್ತಿಲ್ಲ, ಐಎಸ್38 ಟರ್ಬೊ ಹಾಕಿಸಬಹುದಾ?

ಜಯನಗರ_ವಿಆರ್‌ಎಸ್:
ನಮಸ್ಕಾರ ಎಲ್ಲರಿಗೂ. ಗಾಡಿ 2017ರ ಆಕ್ಟೇವಿಯಾ ವಿಆರ್‌ಎಸ್, 230 ಪಿಎಸ್‌ದು. ಸ್ಟೇಜ್ 1 ಟ್ಯೂನ್ (ಪವರ್ ಜಾಸ್ತಿ ಮಾಡೋಕೆ ಬರೀ ಸಾಫ್ಟ್‌ವೇರ್ ಬದಲಾವಣೆ) ಇದೆ, ಈಚೆಗೆ ದೊಡ್ಡ ಇಂಟರ್‌ಕೂಲರ್ (ಟರ್ಬೊಯಿಂದ ಬರೋ ಬಿಸಿ ಗಾಳಿನ ತಣ್ಣಗೆ ಮಾಡೋದು) ಕೂಡ ಹಾಕಿಸಿದೆ. ಅದಾದ ಮೇಲೆ ಮೂರನೇ ಗೇರಲ್ಲಿ ಪೂರ್ತಿ ಒತ್ತಿದರೂ ಬೂಸ್ಟ್ (ಟರ್ಬೊ ಎಂಜಿನ್‌ಗೆ ಒತ್ತಿ ಕಳಿಸೋ ಗಾಳಿಯ ಒತ್ತಡ) ನಿಲ್ತಿಲ್ಲ, ಮೊದಲಿನ ಎಳೆತ ಇಲ್ಲ. ಚೆಕ್ ಎಂಜಿನ್ ಲೈಟ್ ಬಂದಿಲ್ಲ, ಹೊಗೆ ಇಲ್ಲ, ಆಯಿಲ್ ಕುಡೀತಿಲ್ಲ. ಸುಯ್ ಅನ್ನೋ ಸದ್ದು ಮಾತ್ರ ಸ್ವಲ್ಪ ಜಾಸ್ತಿ ಆಗಿದೆ. ಗ್ಯಾರೇಜಿನವರು "ಟರ್ಬೊ ಹೋಗಿದೆ, ಹೇಗೂ ಬಿಚ್ಚಬೇಕಲ್ವಾ, ಐಎಸ್38 ಅನ್ನೋ ದೊಡ್ಡ ಟರ್ಬೊ ಹಾಕಿಸಿಬಿಡಿ" ಅಂತಿದ್ದಾರೆ. ದಿನಾ ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗೋ ಗಾಡಿ ಇದು, ವರ್ಷಕ್ಕೆ ಒಂದೆರಡು ಸಲ ಕೊಯಮತ್ತೂರಿನ ಕರಿ ಟ್ರ್ಯಾಕ್‌ಗೂ ಹೋಗುತ್ತೆ. ಏನು ಮಾಡಲಿ?

ನಂದಿಬೆಟ್ಟ_ರೈಡರ್:
ಸಿಲ್ಕ್ ಬೋರ್ಡ್‌ನಲ್ಲಿ ಐಎಸ್38! ಮೂಗಿಗಿಂತ ಮೂಗುತಿ ಭಾರ ಆಗುತ್ತೆ ಗುರು.

ಬೂಸ್ಟ್_ಭಟ್ರು:
ಟರ್ಬೊ ಹೋಗಿದೆ ಅಂತ ಯಾವ ಆಧಾರದ ಮೇಲೆ ಹೇಳಿದರು? ಲಾಗ್ (ಓಡಿಸುವಾಗ ಎಂಜಿನ್ ಕಂಪ್ಯೂಟರಿನ ರೀಡಿಂಗ್‌ಗಳ ದಾಖಲೆ) ತೆಗೆದರಾ? ಇಲ್ಲ ಅಂದ್ರೆ ಸುಮ್ನೆ ದುಡ್ಡು ಬಿಚ್ಚಬೇಡಿ.

ಮೂರನೇ ಗೇರಲ್ಲಿ 2,000ದಿಂದ 6,500 ಆರ್‌ಪಿಎಂವರೆಗೆ ಒಂದು ಲಾಗ್ ತೆಗೀರಿ. ಇಸಿಯು (ಎಂಜಿನ್ ಕಂಪ್ಯೂಟರ್) ಕೇಳಿದ ಒತ್ತಡ, ನಿಜವಾಗಿ ಬಂದ ಒತ್ತಡ, ವೇಸ್ಟ್‌ಗೇಟ್ (ಎಕ್ಸಾಸ್ಟ್ ಗಾಳಿನ ಟರ್ಬೊಗೆ ಹೋಗದೆ ಪಕ್ಕಕ್ಕೆ ಬಿಡೋ ಬಾಗಿಲು) ಎಷ್ಟು ಮುಚ್ಚಿದೆ, ಇಂಟೇಕ್ ಗಾಳಿಯ ಬಿಸಿ, ಇಗ್ನಿಷನ್ ಎಷ್ಟು ಹಿಂದಕ್ಕೆ ಹೋಗ್ತಿದೆ, ಇಷ್ಟು ಸಾಕು. ನೋಡಬೇಕಾದ್ದು ಒಂದೇ: ಕೊರತೆ ಎಲ್ಲಿ ಶುರುವಾಗುತ್ತೆ ಅಂತ. ನಿಮ್ಮ ಗಾಡಿಯಲ್ಲಿರೋ ಐಎಸ್20ಗೆ 3,500ರಲ್ಲಿ ಸ್ಟೇಜ್ 1 ಒತ್ತಡ ಕೊಡೋದು ಕಷ್ಟವೇ ಅಲ್ಲ. ಅಲ್ಲೇ ಕೊರತೆ ಇದ್ದು ವೇಸ್ಟ್‌ಗೇಟ್ ಪೂರ್ತಿ ಮುಚ್ಚಿದ್ದರೆ, ಮೊದಲ ಅನುಮಾನ ಗಾಳಿ ಲೀಕ್ ಮೇಲೆ. ಕೊರತೆ 5,500 ದಾಟಿದ ಮೇಲಷ್ಟೇ ಕಾಣಿಸಿದರೆ ಅದು ಟರ್ಬೊ ಕೆಟ್ಟಿದ್ದಲ್ಲ, ಅದರ ಕೈಲಾಗೋದೇ ಅಷ್ಟು.

ಇನ್ನೊಂದು ವಿಷಯ, ಇದನ್ನ ನಮ್ಮೂರಲ್ಲಿ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿನ ಗಾಳಿಯ ಒತ್ತಡ ಸುಮಾರು 0.91 ಬಾರ್. ಚೆನ್ನೈಯಲ್ಲಿ 1.01. ಟ್ಯೂನ್ 2.4 ಬಾರ್ ಅಬ್ಸಲ್ಯೂಟ್ (ಹೊರಗಿನ ಗಾಳಿಯ ಒತ್ತಡವೂ ಸೇರಿ) ಕೇಳಿತು ಅಂದುಕೊಳ್ಳಿ. ಚೆನ್ನೈಯಲ್ಲಿ ಟರ್ಬೊ ಗಾಳಿಯನ್ನ 2.38 ಪಟ್ಟು ಒತ್ತಿದರೆ ಸಾಕು, ಇಲ್ಲಿ 2.64 ಪಟ್ಟು ಒತ್ತಬೇಕು. ಅಂದ್ರೆ ಅದೇ ಪವರ್‌ಗೆ ಇಲ್ಲಿ ಟರ್ಬೊ ಜಾಸ್ತಿ ಸ್ಪೀಡಲ್ಲಿ ತಿರುಗುತ್ತೆ, ಗಾಳಿಯನ್ನೂ ಜಾಸ್ತಿ ಬಿಸಿ ಮಾಡುತ್ತೆ. ಇದರ ಮೇಲೆ ಲೀಕ್ ಬೇರೆ ಇದ್ದರೆ ಚೆನ್ನಾಗಿರೋ ಟರ್ಬೊ ಕೂಡ ನಿಜವಾಗಲೂ ಹೋಗುತ್ತೆ. ಅದಕ್ಕೇ ಲಾಗ್ ಬರೋ ತನಕ ಜೋರಾಗಿ ಓಡಿಸಬೇಡಿ.

ಇಂಟೇಕ್ ಪೈಪ್ ಬಿಚ್ಚಿದರೆ ಟರ್ಬೊದ ಶಾಫ್ಟ್ ಕೂಡ ಬೆರಳಲ್ಲಿ ಆಡಿಸಿ ನೋಡಿ. ಅಕ್ಕಪಕ್ಕ ಸ್ವಲ್ಪ ಆಡೋದು ಸಹಜ, ಆಯಿಲ್ ಪದರದ ಮೇಲೆ ತಿರುಗೋ ವಸ್ತು ಅದು. ಹಿಂದೆ ಮುಂದೆ ಆಡಿದರೆ, ಇಲ್ಲಾ ಟರ್ಬೊ ಒಳಗಿನ ವೀಲ್ ಅದರ ಗೋಡೆಗೆ ತಾಗಿದ ಗುರುತಿದ್ದರೆ, ಆಗ ಚಿಂತೆ ಮಾಡಿ.

ಜಯನಗರ_ವಿಆರ್‌ಎಸ್:
ಭಟ್ರೇ, ಲಾಗ್ ಬಂತು. 3,500ರಲ್ಲಿ ಕೇಳಿದ್ದು 2.4, ಬಂದಿದ್ದು 2.05. ವೇಸ್ಟ್‌ಗೇಟ್ ಪೂರ್ತಿ ಮುಚ್ಚಿದೆ.

ಬೂಸ್ಟ್_ಭಟ್ರು:
ಲೀಕ್. ಬೇರೆ ಗ್ಯಾರೇಜಲ್ಲಿ ಸ್ಮೋಕ್ ಟೆಸ್ಟ್ (ಪೈಪೊಳಗೆ ಹೊಗೆ ಬಿಟ್ಟು ಎಲ್ಲಿ ಸೋರುತ್ತೆ ನೋಡೋದು) ಮಾಡಿಸಿ. ಇಂಟರ್‌ಕೂಲರ್ ಜಾಯಿಂಟಿಂದಲೇ ಶುರು ಮಾಡಲಿ, ಕೊನೆಗೆ ಕೈ ಹಾಕಿದ್ದು ಅಲ್ಲೇ ತಾನೇ.

ಜಯನಗರ_ವಿಆರ್‌ಎಸ್:
ಸಿಕ್ತು! ಮುಂದಿನ ಬಂಪರ್ ಬಿಚ್ಚಿ ಹೊಗೆ ಬಿಟ್ಟಾಗ ಇಂಟರ್‌ಕೂಲರ್ ಹೊರಬಾಯಿ ಹತ್ತಿರ ಎಳೆಯಾಗಿ ಹೊಗೆ ಬಂತು. ಅಲ್ಲಿ ಪೈಪಿನ ಕೆಳಗಡೆ ಆಯಿಲ್ ಜಿಡ್ಡು, ಅದರ ಮೇಲೆ ದೂಳು ಮೆತ್ತಿತ್ತು. ಕ್ಲಿಪ್ ಹಾಕಿದಂತೆ ಕಾಣ್ತಿತ್ತು, ಆದರೆ ಒಳಗಿನ ಓ-ರಿಂಗ್ (ರಬ್ಬರ್ ಸೀಲ್) ಮಡಚಿಕೊಂಡು ಒಂದು ಕಡೆ ಕತ್ತರಿಸಿಹೋಗಿತ್ತು. ಹೊಸ ರಿಂಗ್ ಹಾಕಿದ ಮೇಲೆ 3,500ರಲ್ಲಿ 2.38 ಬರ್ತಿದೆ. ಶಾಫ್ಟ್ ಕೂಡ ಸರಿ ಇದೆ. 6,000 ದಾಟಿದ ಮೇಲೆ ಮಾತ್ರ 0.15 ಕಮ್ಮಿ. ಈಗ ನಿಜವಾದ ಪ್ರಶ್ನೆ, ಐಎಸ್38 ಬೇಕಾ ಬೇಡ್ವಾ?

ಬೂಸ್ಟ್_ಭಟ್ರು:
ನನ್ನ ಮಾತು ಕೇಳಿದರೆ ಸದ್ಯಕ್ಕೆ ಬೇಡ.

ಐಎಸ್38 ಚೆನ್ನಾಗಿಲ್ಲ ಅಂತಲ್ಲ. ಆಡಿ ಎಸ್3ಗೆ ಕಂಪನಿಯವರೇ ಅದನ್ನ ಕೊಟ್ಟು 300 ಪಿಎಸ್ ತೆಗೆದಿದ್ದಾರೆ. ನಿಮ್ಮ ಇಎ888 ಮೂರನೇ ತಲೆಮಾರಿನ ಎಂಜಿನ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹೆಡ್ ಒಳಗೇ ಇದೆ, ಟರ್ಬೊ ನೇರ ಹೆಡ್‌ಗೇ ಕೂರುತ್ತೆ. ಕೂರಿಸೋದು ದೊಡ್ಡ ಕಷ್ಟ ಅಲ್ಲ. ಆಮೇಲೆ ವೇಸ್ಟ್‌ಗೇಟ್ ಆಡಿಸೋ ಆಕ್ಚುಯೇಟರ್‌ಗೆ ಅಡಾಪ್ಟೇಷನ್ (ಇಸಿಯುಗೆ ಅದನ್ನ ಹೊಂದಿಸೋದು) ಮಾಡಬೇಕು, ಟ್ಯೂನ್ ಹೊಸದಾಗಿ ಬರೆಯಬೇಕು.

ತೊಂದರೆ ಇರೋದು ಗೇರ್‌ಬಾಕ್ಸಲ್ಲಿ. ನಿಮ್ಮ ಆರು ಗೇರಿನ ಡಿಕ್ಯೂ250 ಡಿಎಸ್‌ಜಿಗೆ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಕಂಪನಿ ಲೆಕ್ಕದ ಮಿತಿ 350 ಎನ್‌ಎಂ ಟಾರ್ಕ್. ನಿಮ್ಮ ಗಾಡಿ ಸ್ಟಾಕ್‌ನಲ್ಲೇ ಅಷ್ಟು ಕೊಡುತ್ತೆ, ಸ್ಟೇಜ್ 1ರಲ್ಲಿ ಆಗಲೇ ದಾಟಿದ್ದೀರಿ. ಐಎಸ್38 ಹಾಕಿದರೆ ಗೇರ್‌ಬಾಕ್ಸ್ ಟ್ಯೂನ್ ಬೇಕೇ ಬೇಕು, ಕ್ಲಚ್ ಪ್ಯಾಕ್ ಕೂಡ ಬೇಕಾಗಬಹುದು. ಪೆಟ್ರೋಲ್ ಬೇರೆ ಈಗ ಇ20 (20% ಎಥನಾಲ್ ಬೆರೆಸಿದ್ದು). ಎಥನಾಲ್ ಇಲ್ಲದ ಪೆಟ್ರೋಲ್‌ಗಿಂತ ಸುಮಾರು 8% ಜಾಸ್ತಿ ಇಂಧನ ಬೇಕು, ಹೈ ಪ್ರೆಷರ್ ಪಂಪ್‌ಗೆ ಅದೂ ಹೊರೆ.

ಇಷ್ಟೆಲ್ಲ ಮಾಡಿ ಸಿಗೋದೇನು? ಮೇಲಿನ ಆರ್‌ಪಿಎಂನಲ್ಲಿ ಉಸಿರು. ಕೆಳಗೆ ಬೂಸ್ಟ್ ತಡವಾಗಿ ಬರುತ್ತೆ, ನೀವು ಆಫೀಸಿಗೆ ಹೋಗೋದು ಕೆಳಗಿನ ಆರ್‌ಪಿಎಂನಲ್ಲೇ. ಕರಿಯಲ್ಲಿ ಕೂಡ ಒಳ್ಳೆ ಬ್ರೇಕ್ ಪ್ಯಾಡ್, ಫ್ಲೂಯಿಡ್, ಟೈರ್ ಹಾಕಿದರೆ ಟರ್ಬೊಗಿಂತ ಬೇಗ ಟೈಮ್ ಕಮ್ಮಿ ಆಗುತ್ತೆ.

ಕೋರಮಂಗಲ_ಕ್ಲಚ್:
ಇನ್ಶೂರೆನ್ಸ್ ಕೂಡ ನೋಡ್ಕೊಳ್ಳಿ ಸರ್. ಗಾಡಿಯಲ್ಲಿ ಮಾರ್ಪಾಡು ಮಾಡೋದರ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದರ ಬಗ್ಗೆ ಬಿಗಿಯಾಗೇ ಹೇಳಿದೆ.

ಜಯನಗರ_ವಿಆರ್‌ಎಸ್:
ಸರಿ, ಐಎಸ್20ನಲ್ಲೇ ಇರ್ತೀನಿ. ಪ್ಯಾಡ್ ಯಾವುದು ಅಂತ ಬೇರೆ ಪೋಸ್ಟ್ ಹಾಕ್ತೀನಿ.

ಬೂಸ್ಟ್_ಭಟ್ರು:
ಹಾಕಿ. ಅದಕ್ಕೂ ಮೊದಲು ಡಿಎಸ್‌ಜಿ ಆಯಿಲ್ ಮತ್ತೆ ಫಿಲ್ಟರ್ ಕೊನೆಗೆ ಯಾವಾಗ ಬದಲಾಯಿಸಿದ್ದು ನೋಡಿ. 60,000 ಕಿ.ಮೀ.ಗೆ ಒಂದು ಸಲ ಕಂಪನಿಯದೇ ಲೆಕ್ಕ, ಟ್ಯೂನ್ ಆದ ಗಾಡಿಗೆ ಅಷ್ಟು ಕಾಯಬೇಡಿ.