ಅಗಲ ಪಾದಕ್ಕೆ ಫಾರ್ಮಲ್ ಶೂ, ಕನ್ನಡಕದ ಜೊತೆ ಹೆಡ್‌ಫೋನ್: ಹೇಗೆ ಆರಿಸೋದು?

ರಾಜಾಜಿನಗರದವ:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳಿಂದ ವೈಟ್‌ಫೀಲ್ಡ್‌ನಲ್ಲಿ ಹೊಸ ಕೆಲಸ. ವಾರಕ್ಕೆ ಮೂರು ದಿನ ಫಾರ್ಮಲ್ ಶೂ ಹಾಕಲೇಬೇಕು. ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೋದ ಪರ್ಪಲ್ ಲೈನ್ ಹಿಡಿಯಬೇಕು, ಹೋಗಿ ಬರೋಕೆ ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ. ನನ್ನ ಪಾದ ಅಗಲ. ಅಣ್ಣನ ಮದುವೆಗೆ ಅಂತ 8 ನಂಬರ್ ತಗೊಂಡಿದ್ದೆ, ಅಂಗಡಿಯಲ್ಲಿ ಸರಿಯಾಗೇ ಇತ್ತು, ಮರುದಿನ ಊಟದ ಹೊತ್ತಿಗೆ ಕಿರುಬೆರಳ ಮೇಲೆ ಬೊಬ್ಬೆ ಬಂದಿತ್ತು. 9 ಹಾಕಿದರೆ ಹಿಮ್ಮಡಿ ಜಾರುತ್ತದೆ. ಹೆಡ್‌ಫೋನ್ ಕಥೆಯೂ ಅಷ್ಟೇ, ಅರ್ಧ ಗಂಟೆಯಲ್ಲಿ ಕನ್ನಡಕದ ಕಡ್ಡಿ ಒತ್ತಿ ಕಿವಿಯ ಮೇಲ್ಗಡೆ ನೋವು ಶುರುವಾಗುತ್ತದೆ. ಎರಡಕ್ಕೂ ಸೇರಿ 15 ಸಾವಿರ ಇಟ್ಟುಕೊಂಡಿದ್ದೇನೆ. ದಯವಿಟ್ಟು ಗೊತ್ತಿರುವವರು ಹೇಳಿ.

ಚಿಕ್ಕಪೇಟೆ ಅಣ್ಣ:
ತಮ್ಮಾ, ಹನ್ನೊಂದು ವರ್ಷ ಶೂ ಅಂಗಡಿಯಲ್ಲಿ ಕೆಲಸ ಮಾಡಿದ್ದೇನೆ. 8ರಿಂದ 9ಕ್ಕೆ ಹೋಗೋದು ನಿನ್ನ ತೊಂದರೆಗೆ ಔಷಧಿ ಅಲ್ಲ. ನಂಬರ್ ಹೇಳೋದು ಉದ್ದವನ್ನು. ನಿನಗೆ ಬೇಕಿರೋದು ಅಗಲ. ಕೆಲವು ಕಂಪನಿಗಳು ಒಂದೇ ನಂಬರಿನಲ್ಲಿ ಅಗಲದ ಅಳತೆಯನ್ನೂ ಬೇರೆ ಬೇರೆ ಕೊಡುತ್ತವೆ, ಎಫ್, ಜಿ, ಎಚ್ ಅಂತ ಶೂ ಒಳಗೆ ಅಥವಾ ಡಬ್ಬದ ಮೇಲೆ ಬರೆದಿರುತ್ತದೆ, ಅಕ್ಷರ ಮುಂದೆ ಹೋದಂತೆ ಅಗಲ ಜಾಸ್ತಿ.

ಮನೆಯಲ್ಲಿ ಒಂದು ಕೆಲಸ ಮಾಡು. ಸಂಜೆ ಹೊತ್ತು, ದಿನವೆಲ್ಲ ಓಡಾಡಿದ ಮೇಲೆ, ಹಾಳೆ ಮೇಲೆ ನಿಂತು ಎರಡೂ ಪಾದದ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳಿ. ಸಂಜೆ ಯಾಕೆ ಅಂದರೆ ಆ ಹೊತ್ತಿಗೆ ಪಾದ ಊದಿಕೊಂಡಿರುತ್ತದೆ. ಆ ಹಾಳೆಯನ್ನು ಅಂಗಡಿಗೆ ತಗೊಂಡು ಹೋಗಿ ಶೂವನ್ನು ಗೆರೆಯ ಮೇಲೆ ಇಡು. ಕಿರುಬೆರಳ ಕಡೆ ಗೆರೆ ಶೂನಿಂದ ಆಚೆ ಕಾಣಿಸಿದರೆ ಆ ಶೂ ಕಚ್ಚೇ ಕಚ್ಚುತ್ತದೆ, ಸೇಲ್ಸ್‌ನವರು ಎಷ್ಟೇ "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸರ್" ಅಂದರೂ ಬೇಡ. ಚರ್ಮ ಸ್ವಲ್ಪ ಹಿಗ್ಗುತ್ತದೆ ನಿಜ, ಆದರೆ ಬೆರಳಿಗೆ ಜಾಗವೇ ಇಲ್ಲದ ಕಡೆ ಜಾಗ ಮಾಡಿಕೊಡೋದಿಲ್ಲ.

ಲೇಸ್ ಶೂಗಳಲ್ಲಿ ಆಕ್ಸ್‌ಫರ್ಡ್ ಮಾದರಿ ಬಿಟ್ಟು ಡರ್ಬಿ ಮಾದರಿ ನೋಡು. ಡರ್ಬಿಯಲ್ಲಿ ಲೇಸ್ ಕಟ್ಟುವ ಎರಡು ಪಟ್ಟಿ ಮೇಲಿಂದ ಹೊಲಿದಿರುತ್ತವೆ, ಹಾಗಾಗಿ ಅವು ಚೆನ್ನಾಗಿ ತೆರೆದುಕೊಳ್ಳುತ್ತವೆ. ನೀನು ದಿನಾ ಹಾಕುವ ಸಾಕ್ಸ್ ಹಾಕಿಕೊಂಡೇ ಹೋಗು. ಎರಡೂ ಕಾಲಿಗೆ ಹಾಕಿ, ಕಾರ್ಪೆಟ್ ಬಿಟ್ಟು ಕಲ್ಲಿನ ನೆಲದ ಮೇಲೆ ಹತ್ತು ನಿಮಿಷ ನಡಿ.

ಮಲ್ಲೇಶ್ವರಂ ಅಕ್ಕ:
ಅಣ್ಣ ಹೇಳಿದ್ದು ಸರಿ. ಚರ್ಮದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. "ಜೆನ್ಯೂಯಿನ್ ಲೆದರ್" ಅಂತ ಬರೆದ ಮಾತ್ರಕ್ಕೆ ಒಳ್ಳೆ ಚರ್ಮ ಅಂತಲ್ಲ. ಮುಂಭಾಗವನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಸಣ್ಣ ಸಣ್ಣ ಸುಕ್ಕು ಬಂದರೆ ಒಳ್ಳೇದು. ಪ್ಲಾಸ್ಟಿಕ್ ಹಾಳೆ ಹಾಗೆ ಒಂದೇ ದಪ್ಪ ಮಡಿಕೆ ಬಿದ್ದರೆ ಮೇಲೆ ದಪ್ಪ ಕೋಟಿಂಗ್ ಇದೆ ಅಂತ. ಅಟ್ಟೆ ರಬ್ಬರಿನದೇ ಇರಲಿ, ನಮ್ಮೂರ ಮಳೆಗೆ ಚರ್ಮದ ಅಟ್ಟೆ ನೆನೆದು ಜಾರುತ್ತದೆ. ಲಿಡ್‌ಕರ್ ಮಳಿಗೆಗೂ ಒಮ್ಮೆ ಹೋಗಿ ನೋಡಿ, ಅದು ನಮ್ಮ ರಾಜ್ಯ ಸರ್ಕಾರದ್ದೇ ಚರ್ಮೋದ್ಯಮ ನಿಗಮ.

ಶೂ ನೆನೆದರೆ ಒಳಗೆ ನ್ಯೂಸ್ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ನಮ್ಮೆಜಮಾನರು ಒಮ್ಮೆ ಬಿಸಿಲಿಗಿಟ್ಟು ಬಿರುಕು ಬಿಟ್ಟಿತು, ಆ ಶೂ ನೋಡಿದಾಗಲೆಲ್ಲ ನನಗೆ ಈಗಲೂ ಬೇಜಾರಾಗುತ್ತದೆ.

ಸೌಂಡ್ ಹುಚ್ಚ:
ಹೆಡ್‌ಫೋನ್ ಬಗ್ಗೆ ನಾನು ಹೇಳ್ತೀನಿ ಗುರು, ನನಗೂ ಕನ್ನಡಕ ಇದೆ. ಕಿವಿ ಮೇಲೆ ಕೂರುವ ಆನ್-ಇಯರ್ ಬೇಡವೇ ಬೇಡ, ಅದು ಕಿವಿಯನ್ನೇ ಕಡ್ಡಿಗೆ ಒತ್ತುತ್ತದೆ. ಇಡೀ ಕಿವಿಯನ್ನು ಸುತ್ತುವರಿದು ಕೂರುವ ಓವರ್-ಇಯರ್ ತಗೊಳ್ಳಿ, ಕುಷನ್ ಮೆತ್ತಗಿರಲಿ, ತೂಕ 250 ಗ್ರಾಂ ಆಸುಪಾಸು ಇರಲಿ. ಆಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್ 385 ಗ್ರಾಂ ಹತ್ತಿರ ಬರುತ್ತದೆ, ನಿಮ್ಮ ಬಜೆಟ್‌ಗೂ ಮೀರಿದ್ದು, ತೂಕ ಎಷ್ಟು ವ್ಯತ್ಯಾಸ ಮಾಡುತ್ತೆ ಅಂತ ತಿಳಿಯೋಕೆ ಯಾವುದಾದರೂ ಶೋರೂಮ್‌ನಲ್ಲಿ ತಲೆ ಮೇಲೆ ಇಟ್ಟು ನೋಡಿ.

ಇನ್ನೊಂದು ವಿಷಯ, ಕಡ್ಡಿ ದಪ್ಪ ಇದ್ದರೆ ಕುಷನ್ ಮತ್ತು ತಲೆ ನಡುವೆ ಸಂದು ಉಳಿಯುತ್ತದೆ. ಬೇಸ್, ಅಂದರೆ ಹಾಡಿನ ದಪ್ಪ ಸದ್ದು, ಸೋರಿಹೋಗುತ್ತದೆ, ಹೊರಗಿನ ಸದ್ದು ಅಡಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಕೂಡ ಮಂಕಾಗುತ್ತದೆ. ಹಾಗಾಗಿ ಅಂಗಡಿಗೆ ಬೇರೆ ಕನ್ನಡಕ ಹಾಕಿಕೊಂಡು ಹೋಗಬೇಡಿ, ಆಫೀಸಿಗೆ ಹಾಕುವ ಕನ್ನಡಕದಲ್ಲೇ ಹೋಗಿ, ಇಪ್ಪತ್ತು ನಿಮಿಷ ತಲೆ ಮೇಲೆ ಇಟ್ಟುಕೊಂಡೇ ಇರಿ. ಮೊದಲ ಐದು ನಿಮಿಷ ಎಲ್ಲಾ ಹೆಡ್‌ಫೋನೂ ಹಿತವಾಗೇ ಇರುತ್ತದೆ. ನೋವು ಬಂದರೆ ಇಯರ್‌ಫೋನ್ ನೋಡಿ, ಅದಕ್ಕೂ ಕಡ್ಡಿಗೂ ಸಂಬಂಧವೇ ಇಲ್ಲ. ಜೊತೆಗೆ ಕೊಡುವ ಮೂರು ಸೈಜಿನ ರಬ್ಬರ್ ತುದಿಗಳನ್ನೂ ಹಾಕಿ ನೋಡಿ. ನನಗೆ ಎಡಕ್ಕೆ ಮೀಡಿಯಂ, ಬಲಕ್ಕೆ ಸ್ಮಾಲ್.

ನಾಯ್ಸ್ ಕ್ಯಾನ್ಸಲಿಂಗ್ ಇರೋದನ್ನೇ ತಗೊಳ್ಳಿ, ಮೆಟ್ರೋದ ಗುಂಯ್ ಸದ್ದು ಅಡಗಿದರೆ ವಾಲ್ಯೂಮ್ ಜಾಸ್ತಿ ಮಾಡೋ ಅಗತ್ಯ ಬರೋದಿಲ್ಲ. 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ರಾಜಾಜಿನಗರದವ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಹಾಳೆ ಮೇಲೆ ಗೆರೆ ಎಳೆದು ಹಳೇ ಶೂ ಇಟ್ಟು ನೋಡಿದೆ, ಬೊಬ್ಬೆ ಬಂದ ಜಾಗದಲ್ಲೇ ಗೆರೆ ಅರ್ಧ ಬೆರಳಷ್ಟು ಆಚೆ ಬಂದಿದೆ. ಬಲಗಾಲು ಎಡಗಾಲಿಗಿಂತ ಸ್ವಲ್ಪ ದೊಡ್ಡದು ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಅಣ್ಣಾ, ಹಾಗಿದ್ದರೆ ಯಾವ ಕಾಲಿನ ಅಳತೆಗೆ ತಗೊಳ್ಳಲಿ?

ಚಿಕ್ಕಪೇಟೆ ಅಣ್ಣ:
ದೊಡ್ಡ ಕಾಲಿಗೆ ತಗೋ. ಚಿಕ್ಕ ಕಾಲಿನ ಶೂ ಒಳಗೆ ತೆಳ್ಳಗಿನ ಇನ್‌ಸೋಲ್ ಹಾಕಿಸು, ಹಿಮ್ಮಡಿ ಜಾರೋದಿಲ್ಲ.