ಅಪ್‌ಡೇಟ್: ಮಗ್ಗುಲು ಬದಲಿಸದ ರಾತ್ರಿ ಪಾಳಿ
ದಾವಣಗೆರೆಯ ನಮ್ಮ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿಯ ಆಯಾಗಳು ಹಾಸಿಗೆ ಹಿಡಿದವರ ಮಗ್ಗುಲು ಬದಲಿಸದೆ, ಮಗ್ಗುಲು ಬದಲಿಸಿದ್ದನ್ನು ಬರೆಯುವ ಚಾರ್ಟ್ ಬೆಳಿಗ್ಗೆ ಒಂದೇ ಸಲ ತುಂಬುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೆ.

ಚಾರ್ಟ್ ಈಗ ಆಫೀಸಿನಲ್ಲಿಲ್ಲ, ಮಂಚದ ಕಾಲ್ದೆಸೆಯಲ್ಲಿ ತೂಗುತ್ತದೆ. 2 ಗಂಟೆಗೊಮ್ಮೆ ಸಮಯದ ಜೊತೆ ಎಡ, ಬಲ, ಅಂಗಾತ ಅಂತಲೂ ಬರೆಯಬೇಕು. 12ಕ್ಕೆ ‘ಎಡ’ ಅಂತಿದ್ದು, 12.30ಕ್ಕೆ ಹೋದಾಗ ಅಜ್ಜಿ ಅಂಗಾತ ಮಲಗಿದ್ದರೆ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾಲಿಸಿದರೆ ಸಾಕು.

ಪಾಳಿ ಬದಲಾಗುವಾಗ ಇಬ್ಬರೂ ಸೇರಿ ಬಾಲದ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ ನೋಡುತ್ತಾರೆ. ಕೆಂಪಾದ ಜಾಗ ಬೆರಳಿಂದ ಒತ್ತಿದಾಗ ಬಿಳಿಚದೆ ಕೆಂಪಾಗೇ ಉಳಿದರೆ ಅದು ಒತ್ತಡದ ಹುಣ್ಣಿನ (ಒಂದೇ ಮಗ್ಗುಲಲ್ಲಿ ಮಲಗಿದ್ದು ಆಗುವ ಹುಣ್ಣು) ಶುರು. ಅಲ್ಲಿ ಎಣ್ಣೆ ಹಚ್ಚಿ ತಿಕ್ಕುವುದು ಬಂದ್. ಕಪ್ಪು ಚರ್ಮದಲ್ಲಿ ಕೆಂಪು ಕಾಣಲ್ಲ, ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿಯೇ ನೋಡಬೇಕು.

ಮಗ್ಗುಲು ಬದಲಿಸದೆ ಇದ್ದದ್ದರಲ್ಲಿ ಸೋಮಾರಿತನಕ್ಕಿಂತ ಆಯಾಗಳ ಸೊಂಟನೋವಿನ ಪಾಲೇ ಜಾಸ್ತಿ. ಭಾರದವರನ್ನು ಒಬ್ಬಳೇ ಹೊರಳಿಸೋಕಾಗಲ್ಲ. ಜೋಡಿ ಹಾಕಿ, ಅಡಿಯಲ್ಲಿ ಮಡಚಿದ ಬೆಡ್‌ಶೀಟ್ ಹಿಡಿದು ಹೊರಳಿಸೋದು ಕಲಿಸಿದ ಮೇಲೆ ಗೊಣಗಾಟ ಇಳಿಯಿತು. ಒಬ್ಬರು ಮಾತ್ರ ಜಪ್ಪಯ್ಯ ಅಂದರೂ ಬಗ್ಗಿಲ್ಲ. ಎಲ್ಲರೆದುರು ಬೈದರೆ ಉಳಿದವರೂ ಅವರ ಕಡೆ ಸೇರುತ್ತಾರೆ. ಹಾಗಾಗಿ ದಿನಾಂಕ, ಸಮಯ, ಕಂಡದ್ದಷ್ಟೇ ಬರೆದ ಮೆಮೊ ಕೊಟ್ಟು ಸಹಿ ಪಡೆದಿದ್ದೇನೆ. ಉತ್ತರ ಬಂದ ಮೇಲೆ ಟ್ರಸ್ಟಿಗಳ ಮುಂದಿಡುತ್ತೇನೆ.