ಅಪ್‌ಡೇಟ್: ದಿನಪೂರ್ತಿ ನಿಂತೇ ಕೆಲಸ, ಊಟಕ್ಕೆ 10 ನಿಮಿಷ ಅಂತ ಕೇಳಿದ್ನಲ್ಲ

ಹೋದ ತಿಂಗಳು ಕೇಳಿದ್ದೆ, ಕುಮಟಾದಲ್ಲಿ ಬಟ್ಟೆ ಅಂಗಡಿ ಕೆಲಸ, ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ ನಿಂತೇ ಇರ್ಬೇಕು, ಹೇಗೆ ತಡ್ಕೊಳ್ಳೋದು ಅಂತ. ಉತ್ತರ ಕೊಟ್ಟವ್ರಿಗೆಲ್ಲ ತುಂಬಾ ಥ್ಯಾಂಕ್ಸ್.

ನಿಮ್ಮಲ್ಲೊಬ್ರು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಬಗ್ಗೆ ಹೇಳಿದ್ರಿ, ಒಂದೇ ಸಮನೆ 5 ತಾಸಿಗಿಂತ ಜಾಸ್ತಿ ದುಡಿಸೋ ಹಾಗಿಲ್ಲ, ನಡುವೆ 1 ತಾಸು ಬಿಡುವು ಕೊಡ್ಬೇಕು ಅಂತ. ನಂಗೆ ಗೊತ್ತೇ ಇರ್ಲಿಲ್ಲ. ಸೀರೆ ಕೌಂಟರಿನ ಅಕ್ಕನ್ನ ಕರ್ಕೊಂಡು, ಬಾಗಿಲು ಹಾಕಿದ ಮೇಲೆ ಸಾಹುಕಾರ್ರ ಹತ್ರ ಹೋದೆ, ಜಗಳ ಮಾಡ್ಲಿಲ್ಲ, ಯಾರು ಎಷ್ಟೊತ್ತಿಗೆ ಊಟಕ್ಕೆ ಹೋಗೋದು ಅಂತ ಪಾಳಿ ಬರೆದ ಚೀಟಿ ಮುಂದಿಟ್ವಿ, ಅವ್ರು ಸುಮಾರು ಹೊತ್ತು ನೋಡಿ "ಆಯ್ತು, ಕೌಂಟರ್ ಖಾಲಿ ಬಿಡ್ಬೇಡಿ" ಅಂದ್ರು.

ಈಗ 40 ನಿಮಿಷ ಸಿಗ್ತದೆ. ಕೌಂಟರ್ ಹಿಂದೆ ಒಂದು ಸ್ಟೂಲೂ ಬಂದಿದೆ.

ಮುಂಚೆ ಗೋಡೌನಲ್ಲಿ ಲುಂಗಿ ಬಂಡಲ್‌ಗಳ ನಡುವೆ ನಿಂತ್ಕೊಂಡೇ ನುಂಗ್ತಿದ್ದೆ, ಕೈ ಸರಿಯಾಗಿ ತೊಳೆಯೋಕೂ ಪುರುಸೊತ್ತಿಲ್ದೆ, ಬಿಳಿ ಪಂಚೆ ಬಿಚ್ಚಿ ತೋರಿಸುವಾಗ ಬೆರಳಿನ ಅರಿಶಿನ ಎಲ್ಲಿ ಹತ್ತಿಬಿಡ್ತದೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡಿರ್ತಿದ್ದೆ. ಮೊನ್ನೆ ಕೂತು ತಿಂದೆ, ಆಯಿ ಮಾಡಿದ ಬಂಗಡೆ ಸಾರು. ಎಷ್ಟು ದಿನ ಆಗಿತ್ತು!

ಕಾಲು ನೋವು ಪೂರ್ತಿ ಹೋಗಿಲ್ಲ. ರಾತ್ರಿ ಬಿಸಿನೀರಲ್ಲಿ ಕಾಲಿಟ್ಟು, ಆಮೇಲೆ ಗೋಡೆಗೆ ಕಾಲೆತ್ತಿ ಮಲಗ್ತೇನೆ, ಆರಾಮ ಅನ್ನಿಸ್ತದೆ. ರಾತ್ರಿ 8ರವರೆಗೆ ಇರ್ಬೇಕು ಅನ್ನೋದು ಇನ್ನೂ ಬದಲಾಗಿಲ್ಲ, ಕಾಯ್ದೆ ಪ್ರಕಾರ ದಿನಕ್ಕೆ 9 ತಾಸೇ ಕೆಲಸ, ಅದನ್ನ ದೀಪಾವಳಿ ರಶ್ ಮುಗಿದ ಮೇಲೆ ಅಕ್ಕ ಮತ್ತೆ ನಾನು ಕೇಳೋಣ ಅಂತಿದ್ದೇವೆ.